ಕನಮಡಿಯ ಮಿಸ್ ಕಾಲ್

ಸುಳ್ಳುಬುರುಕಿ ಅನ್ನಿಸಿಕೊಂಡು ಅಂಗಡಿಯ ಬಾಗಿಲು ತೆರೆದು ಕೂಡುವುದು ಎಂಥದ್ದು ಅಂತ ಸಂಗನಬಸವನಿಗೆ ಗೊತ್ತಿಲ್ಲ. ಅವನಿಗೆ ಕಾಲೇಜಿನ ಪಗಾರ ಇದೆ. ಊರೆಲ್ಲ ಸೇರಿ ಅವನನ್ನು ಸುಳ್ಳ ಅಂದರೂ ತಿಂಗಳಾಯಿತೆಂದರೆ ಪಗಾರ ತಾನಾಗಿ ಖಾತೆಗೆ ಬಂದು ಬೀಳುತ್ತದೆ. ನನ್ನದು ಹಾಗಲ್ಲ. ಟಿಕೋಟಾ ಬಸ್ ಸ್ಟ್ಯಾಂಡಿನ ಎದುರು ನನ್ನದೊಂದು ಆನ್‌ಲೈನ್ ಅರ್ಜಿ ತುಂಬುವ ಅಂಗಡಿ. ಜನ ಆಧಾರ್ ಕಾರ್ಡು, ಪಾಸ್‌ಬುಕ್ಕು, ಹೊಲದ ಪಹಣಿ ಉತಾರ, ಕೊನೆಗೆ ತಮ್ಮ ಫೋನನ್ನೂ ನನ್ನ ಕೈಗೆ ಕೊಟ್ಟು, ನೀವೇ ನೋಡಿ ತುಂಬಿರಿ ಅಕ್ಕಾ ಅಂತ ಹೇಳಿ ಚಹಾ ಕುಡಿಯಲು ಹೋಗುತ್ತಾರೆ. ಸೌಭಾಗ್ಯ ಮೋಸ ಮಾಡುವವಳಲ್ಲ ಅನ್ನುವ ಒಂದು ಮಾತಿನ ಮೇಲೆ ನನ್ನ ಒಲೆ ಉರಿಯುತ್ತದೆ. ಆ ಮಾತನ್ನೇ ಅವನು ಒಂದು ಬೆಳಿಗ್ಗೆ ನೂರಾರು ಜನರ ಮುಂದೆ ಮಣ್ಣುಪಾಲು ಮಾಡಿದ.

ಮೊದಲಿನಿಂದ ಹೇಳುತ್ತೇನೆ. ನಮ್ಮ ಕಡೆ ದ್ರಾಕ್ಷಿ ಕಡಿದ ಮೇಲೆ ಶೆಡ್ಡಿನಲ್ಲಿ ಜಾಳಿಗೆಯ ಮೇಲೆ ಹರವಿ ಒಣಗಿಸಿ ಮಣೂಕ ಮಾಡುತ್ತಾರೆ. ಗಾಳಿ ಆಡಬೇಕು ಅಂತ ಶೆಡ್ಡಿನ ಮಗ್ಗುಲುಗಳನ್ನು ತೆರೆದೇ ಇಟ್ಟಿರುತ್ತಾರೆ. ಆ ಹೊತ್ತಿನಲ್ಲಿ ಒಂದು ಅಡ್ಡಮಳೆ ಬಡಿದರೆ ಮುಗಿಯಿತು. ಬಂಗಾರದ ಬಣ್ಣದ ಮಾಲು ಕಪ್ಪಗಾಗಿ ಬೂಷ್ಟು ಹಿಡಿಯುತ್ತದೆ. ಹಾಗಂತ ಮೋಡ ಕಂಡಾಗಲೆಲ್ಲ ತಾಡಪತ್ರಿ ಇಳಿಸುತ್ತ ಕೂತರೆ ಮಾಲು ಒಣಗುವುದೇ ಇಲ್ಲ. ಬೇಸಿಗೆಯ ಮಳೆ ನಮಗೆ ಬಹಳ ಸಲ ಗಡಿಯ ಕಡೆಯಿಂದ ಬರುತ್ತದೆ. ಗಡಿಯಂಚಿನ ಕನಮಡಿಯಲ್ಲಿ ಹನಿ ಬಿದ್ದ ಸುದ್ದಿ ಕೂಡಲೇ ಸಿಕ್ಕರೆ ಟಿಕೋಟಾದವರು ತಾಡಪತ್ರಿ ಇಳಿಸಿಕೊಂಡು ಆರಾಮಾಗಿ ಕೂಡಬಹುದು.

ವಿಚಾರ ಇಷ್ಟೇ. ಇದಕ್ಕೆ ಪ್ರೋಗ್ರಾಂ ಬರೆದವನು ಸಂಗನಬಸವ. ವಿಜಯಪುರದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಾನೆ, ಮನೆ ಟಿಕೋಟಾದಲ್ಲೇ, ಘೋಣಸಗಿ ರಸ್ತೆಗೆ ಅವನದೂ ಒಂದು ಶೆಡ್ಡು ಇದೆ. ಬಬಲೇಶ್ವರದ ರಿಜ್ವಾನ ನಕಾಶೆ, ಚಿತ್ರ, ಬಣ್ಣ ಎಲ್ಲ ಕೂಡಿಸಿದ. ಆ್ಯಪಿಗೆ 'ಮಳಿಸುದ್ದಿ' ಅಂತ ಹೆಸರಿಟ್ಟೆವು. ಯಾರಿಗೂ ಒಂದು ಪೈಸೆ ಇಲ್ಲ. ಅದು ಮುಕ್ತ ತಂತ್ರಾಂಶ. ಯಾರು ಬೇಕಾದರೂ ಬಳಸಬಹುದು, ಒಳಗಿನದನ್ನು ಬಿಚ್ಚಿ ನೋಡಬಹುದು, ತಿದ್ದಿ ತಮ್ಮ ಊರಿಗೆ ಒಗ್ಗಿಸಿಕೊಳ್ಳಬಹುದು. ದುಡಿದವರಿಗೆ ಸಿಗುವುದು ಆ್ಯಪಿನ ಕೊನೆಯ ಪುಟದಲ್ಲಿ 'ಕೈಜೋಡಿಸಿದವರು' ಅನ್ನುವುದರ ಕೆಳಗೆ ಒಂದು ಹೆಸರು, ಅಷ್ಟೇ. ಅಲ್ಲಿ ನನ್ನದು ಮೂರನೆಯದು.

ನನ್ನ ಕೆಲಸ ಏನು ಅಂತ ಕೇಳಿ. ಪ್ರೋಗ್ರಾಂ ಬರೆದಿಟ್ಟರೆ ಜನ ಹುಡುಕಿಕೊಂಡು ಬರುತ್ತಾರೆಯೇ? ಹೊನವಾಡ, ಕನಮಡಿ, ಘೋಣಸಗಿ ಅಂತ ಬಸ್ಸಿನಲ್ಲಿ ನಿಂತು ತಿರುಗಿದವಳು ನಾನು. ಶೆಡ್ಡಿನವರ ಫೋನಿಗೆ ಆ್ಯಪ್ ಹಾಕಿಕೊಟ್ಟು, ಇದು ಸಾಲ ಕೊಡುವ ಆ್ಯಪ್ ಅಲ್ಲಪ್ಪ ಅಂತ ಬಾಯಿ ನೋಯಿಸಿಕೊಂಡವಳು ನಾನು. ಮಳೆ ಬಿದ್ದರೆ ಹೇಳುವವರನ್ನು ಊರೂರಿಗೆ ಹುಡುಕಿದವಳೂ ನಾನೇ. ಕನಮಡಿಯಲ್ಲಿ ಲಕ್ಕವ್ವ ಸಿಕ್ಕಳು. ಬೆಳಗಾದರೆ ಹೊಲದಲ್ಲಿ, ಹೊತ್ತು ಮುಳುಗಿದರೆ ಮನೆಯಲ್ಲಿ. ಆದರೆ ಅವಳ ಹತ್ತಿರ ಇರುವುದು ಬಟನ್ ಫೋನು. ಆ್ಯಪನ್ನು ಎಲ್ಲಿ ಹಾಕಲಿ, ಅವಳ ಹಣೆಯ ಮೇಲೆಯೇ? ಅದಕ್ಕೇ ಒಂದು ಕರಾರು ಮಾಡಿಕೊಂಡೆವು. ಹನಿ ಬಿದ್ದರೆ ನನಗೆ ಒಂದು ಮಿಸ್ ಕಾಲ್, ಜೋರು ಹಿಡಿದರೆ ಎರಡು. ನಾನು ನನ್ನ ಫೋನಿನಿಂದ ಕನಮಡಿಯ ಹೆಸರಿನಲ್ಲಿ 'ಮಳೆ' ಅಂತ ಒತ್ತುತ್ತಿದ್ದೆ. ಒತ್ತಿದರೆ ಎಲ್ಲರ ಆ್ಯಪಿನಲ್ಲೂ ಅಲ್ಲಿ ಮಳೆ ಕಾಣುತ್ತಿತ್ತು, ಯಾರೂ ಒತ್ತದಿದ್ದರೆ ಬಿಸಿಲೇ. ಹೊನವಾಡದಲ್ಲೂ ಹೀಗೇ, ಉಳಿದ ಹಳ್ಳಿಗಳಲ್ಲೂ ಬಹಳಷ್ಟು ಹೀಗೇ. ನಮ್ಮ ಕಡೆ ಮಿಸ್ ಕಾಲಿನಿಂದಲೇ ಅರ್ಧ ಸಂಸಾರ ನಡೆಯುತ್ತದೆ. ಬಸ್ ಇಳಿದೆ ಅನ್ನುವುದಕ್ಕೆ ಒಂದು, ಊಟಕ್ಕೆ ಬಾ ಅನ್ನುವುದಕ್ಕೆ ಒಂದು. ರಿಜ್ವಾನನಿಗೆ ಇದನ್ನು ಆಗಲೇ ಹೇಳಿದ್ದೆ. ಸುದ್ದಿ ಬಂದರೆ ಸಾಕು ಬಿಡ್ರಿ ಅಕ್ಕಾ ಅಂದಿದ್ದ. ಎರಡು ಬೇಸಿಗೆ ಚೆಂದಾಗಿ ನಡೆಯಿತು. ಯಾರ ಮಾಲೂ ತೊಯ್ಯಲಿಲ್ಲ.

ಆಮೇಲೆ ಆ ಪೇಪರಿನವನು ಬಂದ. ತನ್ನದೇನೋ ಕಾಗದ ಝೆರಾಕ್ಸ್ ಮಾಡಿಸಲು ಬಂದವನು ನನ್ನ ಫೋನಿನಲ್ಲಿ ಮಳಿಸುದ್ದಿ ನೋಡಿ, ಏನಿದು ಅಂತ ಕೇಳಿದ. ಹೇಳಿದೆ. ಮೂವರ ಹೆಸರನ್ನೂ ಹೇಳಿದೆ, ಸಂಗನಬಸವನದನ್ನು ಮೊದಲು ಹೇಳಿದೆ. ಮರುದಿನ ನೋಡಿದರೆ 'ಟಿಕೋಟಾ ಮಹಿಳೆ ರೂಪಿಸಿದ ಮಳೆ ಆ್ಯಪ್' ಅಂತ ದಪ್ಪ ಅಕ್ಷರದಲ್ಲಿ ತಲೆಬರಹ, ಪಕ್ಕದಲ್ಲಿ ನನ್ನ ಫೋಟೋ. ಕೊನೆಯ ಸಾಲಿನಲ್ಲಿ 'ಮತ್ತಿತರರು ಸಹಕರಿಸಿದ್ದಾರೆ'. ನಾನು ಅದನ್ನು ಕತ್ತರಿಸಿ ಲ್ಯಾಮಿನೇಶನ್ ಮಾಡಿ ಗೋಡೆಗೆ ಹಾಕಿದೆ. ಹೌದು, ಹಾಕಿದೆ. ನನ್ನ ಮುಖ ಪೇಪರಿನಲ್ಲಿ ಬಂದದ್ದು ಅದೇ ಮೊದಲು. ಹಾಕದೆ ಹಿತ್ತಲಲ್ಲಿ ಹೂಳಬೇಕಿತ್ತೇ?

ಅವತ್ತೇ ಸಂಗನಬಸವ ಅಂಗಡಿಗೆ ಬಂದ. ಗೋಡೆಯ ಮೇಲಿನದನ್ನು ಓದಿದ. ಎರಡನೇ ಸಲ ಓದಿದ. ಮೂರು ವರ್ಷ ನಿದ್ದೆಗೆಟ್ಟವರು ಮತ್ತಿತರರು ಆದೆವು ನೋಡಿ ಅಂತ ನಕ್ಕ. ಆ ನಗು ನನಗೆ ಸೇರಲಿಲ್ಲ. ಬರೆದವನು ಪೇಪರಿನವನು, ಹೋಗಿ ಅವನನ್ನು ಕೇಳಿ ಅಂದೆ. ಅವನು ಕೇಳಲು ಹೋಗಲಿಲ್ಲ. ಚಹಾ ತರಿಸಿದ್ದೆ, ಅದನ್ನೂ ಮುಟ್ಟದೆ ಎದ್ದು ಹೋದ.

ಕೆಲವು ದಿನ ಕಳೆದ ಮೇಲೆ ವಿಜಯಪುರದ ಒಂದು ಸಂಘದವರು ಮಳಿಸುದ್ದಿ ಮಾಡಿದವರಿಗೆ ಸತ್ಕಾರ ಇಟ್ಟುಕೊಂಡರು. ಅಲ್ಲಿ ತೋರಿಸಲು ಲೆಕ್ಕ ಬೇಕು ಅಂತ ಸಂಗನಬಸವ ವರದಿಗಳನ್ನೆಲ್ಲ ಜಾಲಾಡಿದನಂತೆ. ಮರುದಿನ ಬೆಳಿಗ್ಗೆ ಶೆಡ್ಡಿನವರೆಲ್ಲ ಇರುವ ವಾಟ್ಸಾಪ್ ಗುಂಪಿನಲ್ಲಿ ಅವನ ಸಂದೇಶ ಬಂತು. ಕನಮಡಿ, ಹೊನವಾಡ ಭಾಗದ ಮಳೆ ವರದಿಗಳೆಲ್ಲ ಟಿಕೋಟಾದ ಒಂದೇ ನಂಬರಿನಿಂದ ಬಂದಿವೆ. ಹೆಸರಿನ ಆಸೆಗೆ ಸುಳ್ಳು ವರದಿ ತುಂಬಿದವರನ್ನು ಯೋಜನೆಯಿಂದ ತೆಗೆಯಲಾಗಿದೆ. ಇನ್ನು ಮುಂದೆ ನಿಜವಾದ ವರದಿಗಳಷ್ಟೇ ಇರುತ್ತವೆ ಅಂತ. ನನ್ನ ಹೆಸರು ಬರೆದಿರಲಿಲ್ಲ. ಬರೆಯುವುದೇನು ಬೇಕಿತ್ತು, ಟಿಕೋಟಾದ ಆ ನಂಬರು ಎಲ್ಲರ ಫೋನಿನಲ್ಲೂ ಇತ್ತು. ನಾನು ಉತ್ತರ ಟೈಪ್ ಮಾಡುವಷ್ಟರಲ್ಲಿ ನನ್ನನ್ನು ಗುಂಪಿನಿಂದ ತೆಗೆದಿದ್ದ. ಆ್ಯಪಿನಲ್ಲೂ ನನ್ನ ನಂಬರು ನಡೆಯದಂತೆ ಮಾಡಿದ್ದ. ಕೈಜೋಡಿಸಿದವರಲ್ಲಿ ಎರಡೇ ಹೆಸರು ಉಳಿದಿದ್ದವು. ಫೋನ್ ಮಾಡಿದರೆ ಒಂದು ಸಲ ಕುಂಯ್ ಅಂದು ಕಟ್ಟಾಯಿತು. ಅಲ್ಲೂ ಬ್ಲಾಕು.

ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಜನ ನಮ್ಮವರು. ಅವತ್ತೇ ಘೋಣಸಗಿಯ ಒಬ್ಬ ಮುದುಕ ಬಂದು, ನನ್ನ ಟೇಬಲ್ ಮೇಲಿದ್ದ ತನ್ನ ಪಾಸ್‌ಬುಕ್ಕನ್ನು ಮೆತ್ತಗೆ ತನ್ನ ಕಡೆ ಎಳೆದುಕೊಂಡ. ಮನೆಯಲ್ಲಿ ಒಂದು ಮಾತು ಕೇಳಿ ಬರುತ್ತೇನೆ ಅಂದ. ಹೋದವನು ಹೋದ. ಬೆಳೆವಿಮೆ ತುಂಬಲು ಕೊಟ್ಟಿದ್ದವರು ಕಾಗದ ವಾಪಸ್ ಕೇಳಿದರು. ಒಬ್ಬಳಂತೂ ಓಟಿಪಿಯನ್ನು ಬಾಯಿಬಿಟ್ಟು ಹೇಳದೆ, ನಾನೇ ಒತ್ತುತ್ತೇನೆ ಅಂತ ಕೀಬೋರ್ಡನ್ನು ತನ್ನ ಕಡೆ ತಿರುಗಿಸಿಕೊಂಡಳು. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಯಾರೂ ಬೈಯಲಿಲ್ಲ.

ರಿಜ್ವಾನನಿಗೆ ಫೋನ್ ಮಾಡಿ, ಮಿಸ್ ಕಾಲಿನ ಕರಾರು ನಿನಗೆ ಹೇಳಿದ್ದೆನಲ್ಲ ಅಂದೆ. ಅವನದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ನೀವು ಹೇಳಿದ್ದಿರಬಹುದು, ನನಗೆ ಸರಿಯಾಗಿ ನೆನಪಿಲ್ಲ, ಸತ್ಕಾರ ಒಂದು ಮುಗಿಯಲಿ, ಕೂತು ಮಾತಾಡೋಣ ಅಂದ. ನಿನ್ನ ಶಾಲಿಗೆ ಬೆಂಕಿ ಹತ್ತಲಿ ಅಂತ ಫೋನ್ ಇಟ್ಟೆ.

ಮರುದಿನ ಅಂಗಡಿಗೆ ಬೀಗ ಹಾಕಿ ವಿಜಯಪುರದ ಬಸ್ ಹತ್ತಿದೆ. ಸಂಗನಬಸವ ಕಾಲೇಜಿನ ಗೇಟಿನ ಹೊರಗೆ ಚಹಾ ಕುಡಿಯುತ್ತಿದ್ದ, ಸುತ್ತ ಅವನ ಹುಡುಗರು. ಲಕ್ಕವ್ವನ ಮಿಸ್ ಕಾಲುಗಳನ್ನು ತೆಗೆದು ತೋರಿಸಿದೆ. ಅವನು ಫೋನನ್ನು ಕೈಗೂ ತೆಗೆದುಕೊಳ್ಳಲಿಲ್ಲ. ದಿನಾ ನಿಮಗೆ ನೂರು ಮಿಸ್ ಕಾಲ್ ಬರುತ್ತವೆ, ಅದರಲ್ಲಿ ಮಳೆಯದು ಯಾವುದು ಅರ್ಜಿಯದು ಯಾವುದು ಅಂದ. ಹಾಗಾದರೆ ಎರಡು ವರ್ಷ ಮಳೆ ಸುದ್ದಿ ಹೇಗೆ ನಿಜವಾಯಿತು ಅಂತ ಕೇಳಿದೆ. ಮೋಡ ನೋಡಿ ಅಂದಾಜಿಗೆ ಒತ್ತಿದ್ದೀರಿ ಅಂದ. ಕನಮಡಿಗೆ ಹೋಗಿ ಲಕ್ಕವ್ವನನ್ನೇ ಕೇಳಿ ಅಂದರೆ, ನೀವು ಹೇಳಿಕೊಟ್ಟದ್ದನ್ನೇ ಹೇಳುತ್ತಾಳೆ ಅಂದ. ಒಂದೊಂದು ಮಾತಿಗೂ ಉತ್ತರ ಸಿದ್ಧವಾಗಿತ್ತು. ಕನಮಡಿ ಇಲ್ಲೇ ಇದೆ, ಬೈಕಿನಲ್ಲಿ ಹೋಗಿ ಬರುವಷ್ಟು. ಅದಕ್ಕೆ ಮಾತ್ರ ಅವನು ತಯಾರಿರಲಿಲ್ಲ.

"ತಪ್ಪಾಗೇತಿ ಅಂತ ಅದ ಗುಂಪಿನ್ಯಾಗ ಮೂರು ಸಾಲು ಬರೀರಿ ಸರ," ಅಂದೆ. "ನನಗ ನಿಮ್ಮ ಶಾಲು ಬ್ಯಾಡ, ಸತ್ಕಾರ ಬ್ಯಾಡ. ನನ್ನ ಅಂಗಡಿ ಮುಚ್ಚಾಕತ್ತೈತಿ."

ಅವನು ಕಪ್ಪನ್ನು ಕಟ್ಟೆಯ ಮೇಲೆ ಇಟ್ಟ. "ಪ್ರೋಗ್ರಾಂನ್ಯಾಗ ನೀವು ಒಂದು ಸಾಲರ ಬರದೀರೇನ್ರಿ? ಪೇಪರಿನ್ಯಾಗ ಮಾತ್ರ ನಿಮ್ಮ ಮಾರಿ. ನಾ ಬರಿಯಂಗಿಲ್ಲ."

ನನಗೆ ಆಗ ತಿಳಿಯಿತು. ಮಿಸ್ ಕಾಲಿನ ಮಾತು ಅವನಿಗೆ ಅರ್ಥವಾಗಿರಲಿಲ್ಲ ಅಂತಲ್ಲ, ಅರ್ಥ ಮಾಡಿಕೊಳ್ಳುವ ಮನಸ್ಸೇ ಇರಲಿಲ್ಲ. ಅವನ ಹೊಟ್ಟೆಯಲ್ಲಿ ಉರಿಯುತ್ತಿದ್ದದ್ದು ಆ ತಲೆಬರಹ. ಅವನ ದುಡಿಮೆ ದೊಡ್ಡದು, ಇಲ್ಲ ಅನ್ನುವುದಿಲ್ಲ. ಆದರೆ ತನಗೆ ಬರಬೇಕಾದ ಹೆಸರು ಬರಲಿಲ್ಲ ಅಂತ ಇನ್ನೊಬ್ಬರ ಹೆಸರಿಗೆ ಮಸಿ ಬಳಿಯುವುದು ಯಾವ ಸೀಮೆಯ ನ್ಯಾಯ? ಬಸ್ಸಿನಲ್ಲಿ ವಾಪಸ್ ಬರುವಾಗ ಕಿಟಕಿಗೆ ಮುಖ ಮಾಡಿ ಅತ್ತೆ. ಸಿಟ್ಟಿಗೆ ಅತ್ತೆ, ದುಃಖಕ್ಕಲ್ಲ.

ಅಂದಿನಿಂದ ಮಳೆಗಾಗಿ ಕಾದೆ. ಮುಚ್ಚುಮರೆ ಏನು, ಮಳೆ ಬರಲಿ ಅಂತ ಬೇಡಿಕೊಂಡೆ. ಶೆಡ್ಡುಗಳೆಲ್ಲ ತುಂಬಿದ್ದವು. ಒಂದು ಅಡ್ಡಮಳೆ ಹೊಡೆಯಲಿ, ಮಳಿಸುದ್ದಿ ಬಾಯಿ ಮುಚ್ಚಿಕೊಂಡು ಕೂತಿರಲಿ, ಆ ಒಂದೇ ನಂಬರು ಇಲ್ಲದಿದ್ದರೆ ಏನಾಗುತ್ತದೆ ಅಂತ ಊರಿಗೆ ಗೊತ್ತಾಗಲಿ. ಬೇರೆ ಯಾವ ಸಾಕ್ಷಿಯನ್ನೂ ಅವನು ಒಪ್ಪುವುದಿಲ್ಲವಲ್ಲ, ಇದನ್ನಾದರೂ ಒಪ್ಪಲಿ. ಲಕ್ಕವ್ವನಿಗೆ ನಾನು ಏನೂ ಹೇಳಿರಲಿಲ್ಲ. ಅವಳಿಗೆ ಈ ಜಗಳದ ಗಾಳಿಯೂ ಸೋಕಿರಲಿಲ್ಲ.

ಆ ಭಾನುವಾರ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುತ್ತಿದ್ದೆ, ಲಕ್ಕವ್ವನ ಮಿಸ್ ಕಾಲ್ ಬಂತು. ಕೈ ತೊಳೆಯುವಷ್ಟರಲ್ಲಿ ಎರಡನೆಯದು. ಮಳಿಸುದ್ದಿ ತೆರೆದು ನೋಡಿದೆ. ಕನಮಡಿಯ ಮೇಲೆ ರಿಜ್ವಾನ ಬಿಡಿಸಿದ ಹಳದಿ ಸೂರ್ಯ ಹಲ್ಲು ಕಿಸಿಯುತ್ತ ಕೂತಿದ್ದ. ಹೊನವಾಡದಿಂದಲೂ ಒಂದು ಮಿಸ್ ಕಾಲ್ ಬಂತು. ಹೊರಗೆ ಬಂದು ನೋಡಿದರೆ ಟಿಕೋಟಾದ ಮೇಲೆ ಒಳ್ಳೆ ಬಿಸಿಲು, ಆ ಕಡೆ ಮಾತ್ರ ದಿಗಂತ ಕಪ್ಪಿಟ್ಟಿತ್ತು. ಒಳಗೆ ಹೋಗಿ ಕುರ್ಚಿಯಲ್ಲಿ ಕೂತೆ. ಬರಲಿ ಅಂದುಕೊಂಡೆ. ತೊಯ್ಯಲಿ. ನನ್ನ ಕೈಯಿಂದ ಪಾಸ್‌ಬುಕ್ ಕಿತ್ತುಕೊಂಡವರ ಮಾಲು ತೊಯ್ದರೆ ನನಗೇನು?

ಹಾಗೆ ಕೂತವಳಿಗೆ ಗುರುಬಸವ್ವ ನೆನಪಾದಳು. ಎರಡು ದಿನದ ಹಿಂದೆ ಬಂದಿದ್ದಳು. ಎಲ್ಲರೂ ದೂರ ಸರಿದಾಗ ಬಂದು, ಚೀಲದಿಂದ ಪಾಸ್‌ಬುಕ್ಕು ಆಧಾರ್ ಎರಡನ್ನೂ ತೆಗೆದು ನನ್ನ ಮುಂದೆ ಇಟ್ಟು, ಊರ ಬಾಯಿಗೆ ಮೂಗುದಾಣ ಹಾಕಲು ಆಗುತ್ತದೆಯೇ ತಂಗಿ, ನೀನು ತುಂಬು ಅಂದಿದ್ದಳು. ಅವಳ ಮಾಲು ಇನ್ನೊಬ್ಬರ ಶೆಡ್ಡಿನ ಬಾಡಿಗೆಯ ಜಾಳಿಗೆಯ ಮೇಲೆ ಬಿದ್ದಿತ್ತು. ಅವಳಿಗೊಬ್ಬಳಿಗೆ ಹೇಳಿಬಿಡುತ್ತೇನೆ ಅಂತ ಫೋನ್ ಹಚ್ಚಿದೆ. ಹೇಳಿದೆ. ಅವಳು ಮರುಮಾತಿಲ್ಲದೆ ಓಡಿದ್ದು ಕೇಳಿಸಿತು. ಅವಳಿಗೆ ಹೇಳಿದ ಮೇಲೆ ಮಗ್ಗುಲ ಶೆಡ್ಡಿನವನಿಗೆ ಹೇಗೆ ಹೇಳದೆ ಇರುವುದು? ಅವನಿಗೂ ಹಚ್ಚಿದೆ. ಆಮೇಲೆ ಕೈ ನಿಲ್ಲಲಿಲ್ಲ. ಬೈಯುತ್ತಲೇ ಒಬ್ಬೊಬ್ಬರಿಗೂ ಹಚ್ಚುತ್ತ ಹೋದೆ. ಒಬ್ಬ, ಆ್ಯಪಿನಲ್ಲಿ ಬಿಸಿಲು ತೋರಿಸುತ್ತಿದೆಯಲ್ಲ ಅಂತ ತಕರಾರು ತೆಗೆದ. ಆ್ಯಪು ನೋಡಬೇಡ, ಕತ್ತು ಎತ್ತಿ ಮುಗಿಲು ನೋಡು ಅಂತ ಒದರಿದೆ.

ನನ್ನ ಕೂಗು ಕೇಳಿ ಪಕ್ಕದ ಬ್ಯಾಟರಿ ಅಂಗಡಿಯ ಯುನುಸ ಬಂದ. ವಿಷಯ ತಿಳಿದು ತನ್ನ ಫೋನ್ ತೆಗೆದ. ನಾನು ನಂಬರು ಹೇಳುತ್ತ ಹೋದೆ, ಅವನು ಹಚ್ಚುತ್ತ ಹೋದ. ಅರ್ಧ ನಾನು, ಅರ್ಧ ಅವನು. ಗಾಳಿ ಎದ್ದಿತು. ಬಸ್ ಸ್ಟ್ಯಾಂಡಿನ ಕಸವೆಲ್ಲ ರಸ್ತೆಗೆ ಬಂತು.

ಕೊನೆಗೆ ಒಂದು ಹೆಸರು ಉಳಿಯಿತು. ಅದನ್ನು ನಾನೇ ಒತ್ತಿದೆ. ಒಂದು ಸಲ ಕುಂಯ್ ಅಂದು ಕಟ್ಟಾಯಿತು. ಫೋನನ್ನು ಟೇಬಲ್ ಮೇಲೆ ಇಟ್ಟೆ.

"ಇನ್ನ ಯಾರರ ಉಳದಾರೇನ್ರಿ ಅಕ್ಕಾರ?" ಅಂತ ಯುನುಸ ಕೇಳಿದ. ಅವನ ಹೆಬ್ಬೆರಳು ಫೋನಿನ ಮೇಲೇ ಇತ್ತು.

"ಯಾರೂ ಇಲ್ಲ," ಅಂದೆ.

ಮಳೆ ಬಂತು. ಅಡ್ಡಮಳೆಯೇ ಬಂತು, ನಡುನಡುವೆ ಆಣೆಕಲ್ಲು. ನನ್ನ ಅಂಗಡಿಯ ತಗಡಿನ ಮೇಲೆ ಅದು ಬಡಿಯುವ ಸದ್ದಿಗೆ ಯುನುಸ ಏನೋ ಅಂದದ್ದು ಕೇಳಿಸಲಿಲ್ಲ. ನಾನು ಡಬ್ಬಿ ಬಿಚ್ಚಿ ರೊಟ್ಟಿ ಮುರಿದೆ. ಹಸಿವಾಗಿತ್ತು, ಉಂಡೆ.

ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಜನ ನಿಂತಿದ್ದರು. ಪಾಸ್‌ಬುಕ್ ಎಳೆದುಕೊಂಡಿದ್ದ ಆ ಮುದುಕನೂ ಇದ್ದ. ಒಬ್ಬರೂ ಕ್ಷಮಿಸು ಅನ್ನಲಿಲ್ಲ. ಕಾಗದ ತಂದು ಟೇಬಲ್ ಮೇಲೆ ಇಟ್ಟರು, ಅಷ್ಟೇ. ಗುರುಬಸವ್ವ ಮಾತ್ರ ಸ್ಟೂಲಿನ ಮೇಲೆ ಕೂತು, ತನ್ನ ಮಾಲಿಗೆ ಒಂದು ಹನಿಯೂ ತಾಗಲಿಲ್ಲ ಅಂತ ಬಂದವರಿಗೆಲ್ಲ ಹೇಳುತ್ತಿದ್ದಳು. ಯುನುಸನ ಫೋನಿನಿಂದ ಯಾರ್ಯಾರಿಗೆ ಸುದ್ದಿ ಮುಟ್ಟಿತು, ನನ್ನ ಫೋನಿನಿಂದ ಯಾರಿಗೆ ಅಂತ ಅವರವರೇ ಮಾತಾಡಿಕೊಂಡರು.

ಆಗ ಸಂಗನಬಸವ ಬಂದ. ಪ್ಯಾಂಟಿನ ತುಂಬ ಕೆಸರು. ಕೈಗೆ ದ್ರಾಕ್ಷಿಯ ಅಂಟು, ಅದಕ್ಕೆ ಮಣ್ಣು ಮೆತ್ತಿತ್ತು. ಭಾನುವಾರ ಅಂತ ಅವನೇ ಶೆಡ್ಡಿನಲ್ಲಿದ್ದನಂತೆ. ಮೋಡ ನೋಡಿ ಆಳುಗಳು ತಾಡಪತ್ರಿ ಇಳಿಸಲೇ ಅಂತ ಕೇಳಿದಾಗ, ಮಳಿಸುದ್ದಿ ತೆರೆದು ನೋಡಿ, ಕನಮಡಿಯಲ್ಲೇ ಬಿಸಿಲಿದೆ, ಮೊದಲು ಉಂಡು ಬನ್ನಿ ಅಂತ ಕಳಿಸಿದನಂತೆ. ಆ ರಸ್ತೆಯಲ್ಲಿ ತೊಯ್ದದ್ದು ಅವನ ಶೆಡ್ಡು ಒಂದೇ.

"ಎಲ್ಲಾರಿಗೂ ಹೇಳೀರಿ. ನನಗೊಬ್ಬಗ ಹೇಳಲಿಲ್ಲ," ಅಂದ.

ನಾನು ಫೋನ್ ತೆಗೆದು ಹಿಂದಿನ ದಿನದ ಕರೆಗಳನ್ನು ಅವನ ಮುಂದೆ ಹಿಡಿದೆ. ಎಲ್ಲಕ್ಕಿಂತ ಕೊನೆಗೆ ಅವನ ಹೆಸರು. ಈ ಸಲ ಫೋನನ್ನು ಕೈಗೆ ತೆಗೆದುಕೊಂಡ. ಆಮೇಲೆ ತನ್ನ ಫೋನ್ ತೆಗೆದು ಏನೇನೋ ಒತ್ತಿದ. ಬ್ಲಾಕ್ ಮಾಡಿದವರ ಕರೆ ಎಲ್ಲೋ ಒಂದು ಮೂಲೆಯಲ್ಲಿ ಕಾಣುತ್ತದಂತೆ. ಕಂಡಿರಬೇಕು, ಮುಖ ಇಳಿಯಿತು. ಅವನ ಮುಖ ನೋಡಿ ನನಗೆ ಸಂತೋಷವಾಯಿತು. ಆಗಲಿಲ್ಲ ಅಂದರೆ ಅದೂ ಒಂದು ಸುಳ್ಳಾಗುತ್ತದೆ.

"ಈಗ ಬರೀರಿ," ಅಂದೆ. "ಅದ ಗುಂಪಿನ್ಯಾಗ. ನನ್ನ ಹೆಸರ ಹಾಕಿ ಬರೀರಿ."

ಅಲ್ಲೇ ನಿಂತು ಬರೆದ. ಸೌಭಾಗ್ಯ ಅವರ ವರದಿಗಳು ಸುಳ್ಳಲ್ಲ, ವಿಚಾರಿಸದೆ ಆರೋಪ ಮಾಡಿದ್ದು ನನ್ನ ತಪ್ಪು ಅಂತ. ತೋರಿಸಿದ. ಕನಮಡಿಯ ಲಕ್ಕವ್ವನ ಹೆಸರು ಎಲ್ಲಿ ಅಂತ ಕೇಳಿದೆ. ಅದನ್ನೂ ಸೇರಿಸಿದ, ಹೊನವಾಡದವರದನ್ನೂ ಸೇರಿಸಿದ. ಕಳಿಸಿದ ಕೂಡಲೇ ಅಂಗಡಿಯಲ್ಲಿ ನಿಂತವರ ಜೇಬಿನಲ್ಲೆಲ್ಲ ಫೋನು ಟಿಣ್ ಟಿಣ್ ಅಂದವು. ಮುದುಕ ತನ್ನದನ್ನು ತೆಗೆದು, ಕಣ್ಣು ಕಿರಿದು ಮಾಡಿ, ತುಟಿ ಅಲುಗಿಸುತ್ತ ಪೂರ್ತಿ ಓದಿದ. ನನಗೆ ಬೇಕಾದದ್ದು ನನಗೆ ಸಿಕ್ಕಿತ್ತು.

ಸಂಗನಬಸವ ಹೋಗಲು ತಿರುಗಿದ. ಮೆಟ್ಟಿಲು ಇಳಿದವನು ಬ್ಯಾಟರಿ ಅಂಗಡಿಯ ಮುಂದೆ ನಿಂತ. ಯುನುಸ ಒಳಗೆ ಯಾರ ಜೊತೆಗೋ ಫೋನಿನಲ್ಲಿ ಮಾತಾಡುತ್ತಿದ್ದ. ಸ್ವಲ್ಪ ಹೊತ್ತು ಅವನನ್ನೇ ನೋಡಿ, ವಾಪಸ್ ನನ್ನ ಬಾಗಿಲಿಗೆ ಬಂದ. ದನಿ ತಗ್ಗಿತ್ತು.

"ಅರ್ಧ ಮಂದಿಗೆ ಯುನುಸನ ಫೋನಿಂದ ಹೇಳೀರಂತ. ಅದರಿಂದ ನನಗೂ ಒಂದು ಮಾಡಬಹುದಿತ್ತಲ್ರಿ, ಅಕ್ಕಾರ?"

ಗುರುಬಸವ್ವ ನನ್ನ ಮುಖ ನೋಡಿದಳು. ಮುದುಕನೂ ನೋಡಿದ.

"ಮಾಡಬಹುದಿತ್ತು," ಅಂದೆ.